ಎರಡು ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಿಕ್ಕ ದಿನ

ಸವಣೂರಿನ ಗುಜರಿ ಅಂಗಡಿಯಲ್ಲಿ, ಸುಟ್ಟ ಪಂಪ್‌ಸೆಟ್ ಮೋಟರುಗಳ ಹಿಂದೆ ಅದು ಕಂಡಿತು. ಒಬ್ಬನೇ ಎತ್ತಲಾಗದಷ್ಟು ಭಾರದ ಟ್ರಾನ್ಸ್‌ಫಾರ್ಮರ್. ಮೇಲೆ ಬಿಳಿ ಪೇಂಟಿನಲ್ಲಿ ಬರೆದಿತ್ತು: "೨೦೦೦ ವೋಲ್ಟ್. ಮುಟ್ಟಬ್ಯಾಡ."

ಎಂಟು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಅದನ್ನೇ.

ನಾನು ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಮನೆಯಿಂದಲೇ ರೇಡಿಯೋ ಮೂಲಕ ದೂರದೂರಿನವರೊಡನೆ ಮಾತಾಡುವ, ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ನನ್ನ ಹಳೇ ವಾಲ್ವ್ ಟ್ರಾನ್ಸ್‌ಮೀಟರಿನ ಟ್ರಾನ್ಸ್‌ಫಾರ್ಮರ್ ಸುಟ್ಟ ದಿನದಿಂದ ರೇಡಿಯೋದಲ್ಲಿ ನಾನು ಮಾತೇ ಆಡಿರಲಿಲ್ಲ.

ಹಾನಗಲ್ಲಿನಲ್ಲಿ ಸಿಗಲಿಲ್ಲ. ಹಿರೇಕೆರೂರಿನ ರಿವೈಂಡಿಂಗ್ ಅಂಗಡಿಯವರು, "ಮೋಟರ್ ಆದ್ರ ಸುತ್ತಿಕೊಡ್ತೇನ್ರಿ, ಇಷ್ಟು ವೋಲ್ಟೇಜಿಂದು ನನ್ನ ಕೈಲೆ ಆಗೂದಿಲ್ಲ" ಎಂದು ವಾಪಸ್ ಕಳಿಸಿದ್ದರು.

ಖುಷಿಯಿಂದ ಬಗ್ಗಿದವನು ಆ ಬರಹ ನೋಡಿ ಹಾಗೇ ನಿಂತೆ... ಅದು ದ್ಯಾಮಣ್ಣ ಕಾಕಾರ ಅಕ್ಷರ.

ಶಿಗ್ಗಾಂವಿಯ ಕಾಕಾ ನನಗೆ ರೇಡಿಯೋದ ಮೋರ್ಸ್ ಸಂಕೇತ ಕಲಿಸಿದವರು. ಎಷ್ಟೋ ವರ್ಷ, ದಿನಾ ಬೆಳಿಗ್ಗೆ ಆರಕ್ಕೆ ರೇಡಿಯೋದಲ್ಲಿ ಮಾತಾಡಿದ್ದೇವೆ. ಫೋನ್ ನಂಬರ್ ಇಬ್ಬರ ಹತ್ತಿರವೂ ಇತ್ತು. ಆದರೆ ಫೋನ್ ಮಾಡಿದರೆ ಸೋತಂತೆ ಎಂಬ ಹಟ ಇಬ್ಬರಿಗೂ.

"ಇದು ಎಲ್ಲಿಂದ ಬಂತ್ರಿ?" ಅಂಗಡಿಯವರನ್ನು ಕೇಳಿದೆ.

"ಶಿಗ್ಗಾಂವಿಯಿಂದ್ರಿ. ನಾಳೆ ಒಡದು ತಾಮ್ರ ತಗೀಬೇಕಂತ ಇಟ್ಟೇನಿ."

ಒಡೆಯಬೇಡಿ, ನಾನೇ ತಗೊಳ್ತೇನೆ ಎಂದು ಹೇಳಿ ಶಿಗ್ಗಾಂವಿ ಬಸ್ ಹತ್ತಿದೆ. ಕಾಕಾ ಇದನ್ನು ಮಾರುವವರೇ ಅಲ್ಲ. ಹೊಸ ಸೆಟ್ ತಗೊಂಡಿರಬಹುದು, ಮನೆ ರಿಪೇರಿ ಇರಬಹುದು... ದಾರಿಯುದ್ದಕ್ಕೂ ಕಾರಣ ಹುಡುಕಿದೆ.

ಅವರ ಮಾಳಿಗೆ ಮೇಲೆ ಆಂಟೆನಾ ತಂತಿ ಇರಲಿಲ್ಲ.

ಬಾಗಿಲು ತೆಗೆದ ಕಾಕು, ಕಾಕಾರ ಹೆಂಡತಿ, ನನ್ನನ್ನು ನೋಡಿ ಅಲ್ಲೇ ನಿಂತು ಹೇಳಿದರು. "ಅವರು ಹೋಗಿ ಎರಡು ತಿಂಗಳಾತು ತಮ್ಮಾ. ಎದಿ ನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ. ಫೋನಿನ್ಯಾಗ ನಿನ್ನ ಹೆಸರು ಹುಡುಕಿದ್ವಿ, ಸಿಗಲಿಲ್ಲ."

ಹೇಗೆ ಸಿಗಬೇಕು? ಕಾಕಾ ನಮ್ಮನ್ನೆಲ್ಲ ಹೆಸರಿನ ಬದಲು ಕಾಲ್‌ಸೈನ್, ಅಂದರೆ ರೇಡಿಯೋ ಲೈಸೆನ್ಸಿನ ಗುರುತು, ಹಾಕಿ ಸೇವ್ ಮಾಡಿಕೊಂಡಿದ್ದರು.

ಚಹಾ ಕೊಟ್ಟು ಕಾಕು ಎದುರಿಗೆ ಕೂತರು. "ನಿನ್ನ ಮಷೀನ್ ಕೆಟ್ಟಿರಬೇಕು ಅಂತ ಅವರಿಗೆ ಗೊತ್ತಿತ್ತು. ಆದ್ರೂ ದಿನಾ ಆರಕ್ಕ ಕುಂತು ಕರೀತಿದ್ರು. ನಾ ಫೋನ್ ಹಚ್ಚರಿ ಅಂದ್ರ, 'ಆಂವ ಕೇಳಾಕತ್ತಾನ, ಉತ್ತರ ಕೊಡಾಕ ಆಗವಲ್ದು ಅಷ್ಟ' ಅಂತಿದ್ರು... ಕೇಳತಿದ್ದಿ ಹೌದಿಲ್ಲೋ ತಮ್ಮಾ?"

ಕೆಟ್ಟಿದ್ದು ಮಾತು ಕಳಿಸುವ ಟ್ರಾನ್ಸ್‌ಮೀಟರ್ ಮಾತ್ರ, ಕೇಳಿಸಿಕೊಳ್ಳುವ ರಿಸೀವರ್ ಚೆನ್ನಾಗಿಯೇ ಇತ್ತು. ಮಾತಾಡಲಾಗದ ಮೇಲೆ ಕೇಳಿ ಏನು ಮಾಡುವುದೆಂದು ಎಂಟು ತಿಂಗಳಿಂದ ಅದನ್ನು ಆನ್ ಮಾಡೇ ಇರಲಿಲ್ಲ.

"ಹೌದ್ರಿ ಕಾಕು, ದಿನಾ ಕೇಳತಿದ್ದೆ" ಎಂದುಬಿಟ್ಟೆ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಷ್ಟ ಸಾಕು ಬಿಡಪ್ಪ" ಎಂದರು.

ಈಗ ಆ ಟ್ರಾನ್ಸ್‌ಫಾರ್ಮರ್ ನನ್ನ ಸೆಟ್ಟಿನಲ್ಲಿದೆ, ಚೆನ್ನಾಗಿ ಕೆಲಸ ಮಾಡುತ್ತಿದೆ. ಮೈಕ್ ಕೈಗೆತ್ತಿಕೊಂಡರೆ ಕಾಕುಗೆ ಹೇಳಿದ ಸುಳ್ಳೇ ನೆನಪಾಗಿ ಕೆಳಗಿಟ್ಟುಬಿಡುತ್ತೇನೆ.

ಶಿಗ್ಗಾಂವಿಗೆ ಹೋಗಿ ಕಾಕುಗೆ ನಿಜ ಹೇಳಲೋ, ಆ ಸುಳ್ಳನ್ನು ಹಾಗೇ ಬಿಡಲೋ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?