ಅಡೆಲ್‌ಹೈಡಳ ಸೋದರಮಾವ

ಐನೂರು ವರ್ಷದ ಹಿಂದೆ ಸತ್ತ ಜರ್ಮನ್ ಹೆಂಗಸೊಬ್ಬಳ ಸಂಸಾರ ಹೇಮಶ್ರೀಗೆ ತನ್ನ ಸಂಸಾರದಷ್ಟೇ ಚೆನ್ನಾಗಿ ಗೊತ್ತಿತ್ತು. ಅಡೆಲ್‌ಹೈಡ್ ಒಬ್ಬ ಸಣ್ಣ ಪಾಳೆಯಗಾರನ ಮಗಳು. ತಂದೆ ಯುದ್ಧದಲ್ಲಿ ಸತ್ತ ಮೇಲೆ ತಾಯಿಯ ತಮ್ಮನ ಕೋಟೆಯಲ್ಲಿ ಬೆಳೆದಳು, ಅವನನ್ನೇ ಮದುವೆಯಾದಳು, ಮೂರು ಮಕ್ಕಳನ್ನು ಮಣ್ಣು ಮಾಡಿದಳು, ಉಳಿದೊಬ್ಬ ಮಗಳನ್ನು ಕನ್ಯಾಮಠಕ್ಕೆ ಬಿಟ್ಟು ಬಂದಳು. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಕೂತು, ನೆವಾರ್ಕ್‌ನಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಫ್ರೀವೇಯ ಟ್ರಾಫಿಕ್ಕಿನಲ್ಲಿ ತೆವಳಿ ಓಡಾಡುತ್ತಾ ಹೇಮಶ್ರೀ ಬರೆದದ್ದು ಇದನ್ನೇ. ಸಮಾಧಿಯ ಕಲ್ಲಿನಲ್ಲಿ ಮಾವ, ಸೊಸೆ ಇಬ್ಬರನ್ನೂ ಅಕ್ಕಪಕ್ಕ ಕೆತ್ತಿದ್ದರು. ಅವರು ಗಂಡ ಹೆಂಡತಿ ಎನ್ನಲು ಹೇಮಶ್ರೀಗೆ ಅಷ್ಟು ಸಾಕಾಗಿತ್ತು.

ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ಪ್ರೊಫೆಸರ್ ಕರೆಸಿಕೊಂಡರು. ಆ ಕಾಲದ ಚರ್ಚು ಇಂಥ ಮದುವೆಗೆ ಎಲ್ಲಿ ಒಪ್ಪುತ್ತಿತ್ತು? ಗಂಡ ಬೇರೆ ಯಾರೋ, ಈತ ಬರೀ ಪಾಲಕ ಇರಬೇಕು. "ನಿನಗೆ ಇದು ವಿಚಿತ್ರ ಅನ್ನಿಸಲೇ ಇಲ್ಲವೇ? ಪರೀಕ್ಷೆಯ ದಿನವೂ ಇದನ್ನೇ ಕೇಳುತ್ತೇನೆ" ಎಂದರು.

ಹೇಮಶ್ರೀಗೆ ವಿಚಿತ್ರ ಹೇಗೆ ಅನ್ನಿಸಬೇಕು? ಅವಳ ಗಂಡ ಮಧುಕರ್ ಅವಳ ತಾಯಿ ಮರಿತಾಯಮ್ಮನ ಒಡಹುಟ್ಟಿದ ತಮ್ಮ! ಮಂಡ್ಯದಲ್ಲಿ ಅದು ಸುದ್ದಿಯೇ ಅಲ್ಲ. ಹೆಣ್ಣು ಹೊರಗೆ ಹೋಗಲಿಲ್ಲವಲ್ಲ ಎಂದು ನೆಂಟರೆಲ್ಲ ಹೊಟ್ಟೆ ತುಂಬ ಉಂಡು ಹರಸಿದ್ದರು. ಇಲ್ಲಿ ಕೇಳಿದವರು ಅಸಹ್ಯಪಡುತ್ತಾರೆ. ವಿಮಾನ ಇಳಿದ ಮೇಲೆ ಅವಳು 'ಮಾವ' ಎನ್ನುವುದನ್ನು ಬಿಟ್ಟು, ನಾಲಿಗೆ ಕಚ್ಚಿಕೊಂಡು 'ಮಧು' ಎನ್ನಲು ಕಲಿತಿದ್ದಳು. ಹದಿಮೂರರ ಮಗಳು ನಿಸರ್ಗಾಗೂ ಹೇಳಿರಲಿಲ್ಲ. ಈಗ ನೋಡಿದರೆ ಆ ಹುಡುಗಿ, ಅಮ್ಮನ ದೊಡ್ಡ ದಿನ, ಪರೀಕ್ಷೆಗೆ ತಾನೂ ಬಂದು ಕೂರುತ್ತೇನೆಂದು ಹಟ ಹಿಡಿದಿದ್ದಾಳೆ.

"ಗೊತ್ತಾಗ್ನಿಲ್ಲ, ತಪ್ಪಾಯ್ತು ಅಂದ್ಬುಡು ಕಣವ್ವ. ನಮ್ಮನೆ ಇಚಾರ ಅವ್ರಿಗ್ಯಾಕೆ?" ಎಂದರು ಮಂಡ್ಯದಿಂದ ಫೋನಿನಲ್ಲಿ ಮರಿತಾಯಮ್ಮ.

"ನೀನ್ ಏನ್ ಹೇಳಿದ್ರೂ ಸರಿ ಹೇಮಾ. ಪಾಪು ಮುಂದೆ ಮಾತ್ರ ಬೇಡ" ಎಂದ ಮಧುಕರ್. ಅವನ ಮುಖ ಬಾಡಿತ್ತು.

ಪರೀಕ್ಷೆಯ ದಿನ ಆ ಪ್ರಶ್ನೆ ಬಂದೇ ಬಂತು. ಸುಳ್ಳು ಹೇಮಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಹೇಳಿದರೆ ಮಧುಕರನನ್ನು ಇನ್ನೊಮ್ಮೆ ಬಚ್ಚಿಟ್ಟ ಹಾಗೆ. ಬಚ್ಚಿಟ್ಟೂ ಬಚ್ಚಿಟ್ಟೂ ಅವಳಿಗೆ ರೋಸಿಹೋಗಿತ್ತು.

"ನನ್ನ ಗಂಡ ನನ್ನ ತಾಯಿಯ ತಮ್ಮ. ನನ್ನ ಅಜ್ಜಿಯದೂ ಅಂಥದೇ ಮದುವೆ. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಅಧ್ಯಾಯ ತಪ್ಪು, ತಿದ್ದುತ್ತೇನೆ" ಎಂದುಬಿಟ್ಟಳು.

ಹಿಂದಿನ ಸಾಲಿನಲ್ಲಿದ್ದ ಮಗಳ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ತಿದ್ದಿಕೊಡು ಎಂಬ ಷರತ್ತಿನ ಮೇಲೆ ಪಾಸು ಮಾಡಿದರು. ಸಂತೋಷಪಡಲು ಯಾರಿಗೆ ಮನಸ್ಸಿತ್ತು!

ಮನೆಗೆ ಮರಳುವಾಗ ಕಾರಿನಲ್ಲಿ ಪಕ್ಕ ಕೂತಿದ್ದ ನಿಸರ್ಗಾಳನ್ನು ಹೇಮಶ್ರೀ ಕೇಳಿಯೇಬಿಟ್ಟಳು.

"ಅಸಹ್ಯ ಆಯ್ತಾ ಕಂದಾ?"

"ಐ ನ್ಯೂ, ಅಮ್ಮಾ."

ಐದನೇ ಕ್ಲಾಸಿನಿಂದಲೂ ಗೊತ್ತಿತ್ತಂತೆ. ಅಜ್ಜಿಯ ಹಳೆಯ ಫೋಟೋಗಳಲ್ಲಿ ಅವರ ಸೊಂಟದ ಮೇಲಿದ್ದ ಪುಟ್ಟ ತಮ್ಮ ಅಪ್ಪನೇ ಎಂಬುದು ಹೊಳೆದಿತ್ತಂತೆ. ಇಂಥ ಮದುವೆ ಇಲ್ಲಿ ಅಪರಾಧವೆಂದು ನೆಟ್ಟಿನಲ್ಲಿ ಓದಿ, ಹೊರಗೆ ತಿಳಿದರೆ ಏನಾಗುತ್ತದೋ ಎಂದು ಹೆದರಿ, ಅಂದಿನಿಂದ ಒಬ್ಬ ಗೆಳತಿಯನ್ನೂ ಮನೆಗೆ ಕರೆದಿರಲಿಲ್ಲವಂತೆ. ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಿ ಮುಗಿಸಿದ ಹುಡುಗಿ, ಅಳು ಒತ್ತರಿಸಿ ಬಂದಾಗ ಕನ್ನಡಕ್ಕೆ ತಿರುಗಿದಳು.

"ಈಗ ಎಲ್ಲಾರ್ಗೂ ಹೇಳ್‌ಬಿಟ್ಟೆ ಅಲ್ವಾ. ಪೊಲೀಸು ಅಪ್ಪನ್ನ ಕರ್ಕೊಂಡು ಹೋಗ್ತಾರಾ?"