ರೇಣುಕಾ ಕೆಡಿಸಿದ ನಿದ್ದೆ

ಇವತ್ತು ರಕ್ತ ಪರೀಕ್ಷೆಗೆ ಹೋಗಿ ಬಂದೆ. ಬೆರಳಿಗೆ ಒತ್ತಿದ ಹತ್ತಿಯ ಸ್ಪಿರಿಟ್ ವಾಸನೆ ಮನೆ ಮುಟ್ಟಿದರೂ ಹೋಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಿದ್ದೆಯ ಚಿಂತೆ ಶುರುವಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾಲ್ಕು ವರ್ಷದ ಹಿಂದೆ ರೋಣದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ರೇಣುಕಾ ಬಾಡಿಗೆಗಿದ್ದಳು. ಆಂಬುಲೆನ್ಸಿನಲ್ಲಿ ನರ್ಸ್. ಗಾಡಿಯಲ್ಲಿ ಮಲಗಿಸಿದವರು ಎಚ್ಚರ ತಪ್ಪದಂತೆ ದವಾಖಾನೆ ಮುಟ್ಟುವವರೆಗೂ ಏನಾದರೂ ಕೇಳುತ್ತಲೇ ಇರುವುದು ಅವಳ ರೂಢಿ. ಹೆಸರೇನು, ಯಾವ ಊರು, ಮುಂಜಾನೆ ಏನು ಉಂಡಿರಿ. ಇದನ್ನೇ ಕೇಳಿ ಕೇಳಿ, ಗಾಡಿ ಓಡಿಸುವ ಖಾದರಸಾಬನಿಗೆ ಸುತ್ತಲಿನ ಹಳ್ಳಿಗಳ ಅಡುಗೆಯೆಲ್ಲ ಬಾಯಿಪಾಠವಾಗಿತ್ತು.

ನಾನು ನಿವೃತ್ತ ಮಾಸ್ತರ. ತೂಕಡಿಸಬೇಡಿ ಎಂದು ಮಕ್ಕಳನ್ನು ಗದರಿಸುತ್ತಲೇ ನೌಕರಿ ಮುಗಿಸಿದವನು. ಈಗ ಊಟವಾದ ಕೂಡಲೇ ಆರಾಮ ಕುರ್ಚಿಯಲ್ಲಿ ನಾನೇ ಗೊರಕೆ ಹೊಡೆಯುತ್ತೇನೆ. ಒಂದು ಮಧ್ಯಾಹ್ನ ಯಾರೋ ಭುಜ ಅಲುಗಾಡಿಸಿದರು.

"ಸರ, ಕಣ್ಣ ತಗೀರಿ! ನಿಮ್ಮ ಹೆಸರೇನ್ರಿ?"

ರೇಣುಕಾ! ಅವಳ ಕೈಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ನಿದ್ದೆಗಣ್ಣಿನಲ್ಲೇ ಹಾಜರಿ ಕೊಡುವವನಂತೆ ಹೆಸರು ಹೇಳಿದೆ. ಮರುದಿನವೂ ಅದೇ. ಮೂರನೆಯ ದಿನ ನನ್ನ ಹೆಂಡತಿಯನ್ನೂ ಎಬ್ಬಿಸಿದಳು. ನಾನು ರೇಗಿದೆ. "ನಿನ್ನೆ ಇದ್ದ ಹೆಸರ ಇವತ್ತೂ ಐತಿ, ಬಿಡವಾ!"

ಅವಳು ನಗಲಿಲ್ಲ. ನಾವಿಬ್ಬರೂ ಎದ್ದು ಕೂಡುವವರೆಗೂ ಅಲ್ಲಿಂದ ಕದಲಲಿಲ್ಲ. ಹಾಗೆ ರೇಗಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಆಮೇಲೆ ನೋಡಿದರೆ, ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ, ನೌಕರಿ ಬಿಡುತ್ತೇನೆ ಅನ್ನುತ್ತಿದ್ದಾಳೆ. ನನ್ನ ಕುತೂಹಲ ಸುಮ್ಮನಿರುವಂಥದ್ದಲ್ಲ, ಖಾದರಸಾಬನನ್ನು ಕೇಳಿದೆ. ಅವನು ಸಂಜೆ ನಮ್ಮ ಕಟ್ಟೆಗೆ ಬಂದು ಅವಳೆದುರು ಕುಳಿತ.

"ಹೆಸರೇನವಾ?"

"ಏನ ಚಾಷ್ಟಿರಿ ಕಾಕಾ ಇದು?"

"ಮುಂಜಾನಿ ಏನ ಉಂಡಿ?"

"ಏನೂ ಉಂಡಿಲ್ಲ," ಎಂದವಳಿಗೆ ಅಳು ಒತ್ತರಿಸಿ ಬಂತು.

ಆಗ ಹೊರಬಿತ್ತು. ಹದಿನೈದು ದಿನದ ಹಿಂದೆ ಬೈಕಿನಿಂದ ಬಿದ್ದ ಮುಶಿಗೇರಿಯವನೊಬ್ಬನನ್ನು ಒಯ್ಯುತ್ತಿದ್ದರು. ರೊಟ್ಟಿ, ಪುಂಡಿಪಲ್ಲೆ ಉಂಡೆ ಎಂದು ಅವನು ಹೇಳುತ್ತಿದ್ದ. ಇವಳು ಅವನ ಹೆಸರು ಬರೆದುಕೊಳ್ಳಲು ತಲೆ ಬಗ್ಗಿಸಿದಳು. ತಲೆ ಎತ್ತುವುದರೊಳಗೆ ಅವನು ಕಣ್ಣು ಮುಚ್ಚಿದ್ದ. ಮತ್ತೆ ತೆರೆಯಲಿಲ್ಲ.

"ನಾ ಕೇಳೂದ ಬಿಟ್ಟೆ ಕಾಕಾ. ಕೇಳಿದ್ರ ಉಳೀತಿದ್ದ."

"ಒಳಗ ಭಾಳ ಪೆಟ್ಟ ಬಿದ್ದಿತ್ತು ಅಂತ ಡಾಕ್ಟರ್ರ ಹೇಳ್ಯಾರ. ನಿನ್ನ ಮಾತ ಅಂವನ ಸಂಗಾಟ ಇತ್ತು, ಅಷ್ಟ. ಅಂವನ ಜೀವಾ ನಿನ್ನ ಕೈಯಾಗ ಇರಲಿಲ್ಲವಾ. ನನಗೂ ಹಿಂದ ಹಿಂಗ ಆಗಿತ್ತು. ಮನಸಿನ ಡಾಕ್ಟರ ಕಡೆ ಅಡ್ಡಾಡೇನಿ. ನಾಳೆ ಇಬ್ಬರೂ ಹೋಗೂಣು."

"ನನಗೇನ ಹುಚ್ಚ ಹಿಡದೈತೇನ್ರಿ?"

"ಕಾಲ ಮುರದವ್ರನ್ನ ದಿನಾ ದವಾಖಾನಿಗೆ ಒಯ್ಯವ್ರು ನಾವು. ನಾವ ಹೋಗಾಕ ಯಾಕ ನಾಚಬೇಕ?"

ವಾರಕ್ಕೊಮ್ಮೆ ಬಸ್ಸಿನಲ್ಲಿ ಗದಗಿಗೆ ಹೋಗಿ ಬಂದರು. ಒಂದೇ ದಿನಕ್ಕೆ ವಾಸಿಯಾಗುವ ಬೇನೆಯಲ್ಲ ಅದು. ಎಷ್ಟೋ ತಿಂಗಳು ಅವಳು ಮಧ್ಯಾಹ್ನ ನನ್ನ ಬಾಗಿಲ ಚೌಕಟ್ಟು ಹಿಡಿದು ನಿಂತು, ನನ್ನ ಹೊಟ್ಟೆ ಏರಿಳಿಯುವುದನ್ನು ನೋಡಿ ಹೋಗುತ್ತಿದ್ದಳು. ನಾನೂ ಅವಳ ಸಮಾಧಾನಕ್ಕೆಂದು ಗೊರಕೆಯನ್ನು ಒಂದಿಷ್ಟು ಜೋರು ಮಾಡಿದೆ. ಹೆಂಡತಿ ಮಾತ್ರ ಬೇರೆ ಖೋಲಿಗೆ ಹೋದಳು. ಆಮೇಲೆ ರೇಣುಕಾಗೆ ನರಗುಂದಕ್ಕೆ ವರ್ಗವಾಯಿತು. ಅಲ್ಲಿಯೂ ಆಂಬುಲೆನ್ಸಿನಲ್ಲೇ ಕೆಲಸ.

ಇವತ್ತು ನಾನು ಕುರ್ಚಿಯಲ್ಲಿ ಕುಳಿತು ಬೆರಳು ಮೂಸುತ್ತಿದ್ದಾಗ ಗೇಟಿನಲ್ಲಿ ಅವಳದೇ ದನಿ ಕೇಳಿತು. ರಜೆಯಲ್ಲಿ ನಮ್ಮನ್ನು ನೋಡಲು ಬಂದಿದ್ದಳು. ಈ ವಯಸ್ಸಿಗೆ ತಕ್ಕ ಬುದ್ಧಿಯೇ ಅದು? ಅವಳನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದು ಕಣ್ಣು ಮುಚ್ಚಿದೆ. ಬೇಕೆಂದೇ ಗೊರಕೆ ಹೊಡೆಯಲಿಲ್ಲ. ಹೆಜ್ಜೆ ಹತ್ತಿರ ಬಂತು. ಸ್ಟೂಲು ಎಳೆದ ಸದ್ದಾಯಿತು. ಆಮೇಲೆ ಪೇಪರಿನ ಹಾಳೆ ಮಗುಚಿದ ಸದ್ದು, ಅಷ್ಟೇ. ತಡೆಯಲಾರದೆ ಒಂದು ಕಣ್ಣು ತೆರೆದೆ. ರೇಣುಕಾ ತಲೆ ಬಗ್ಗಿಸಿ ಓದುತ್ತಿದ್ದಳು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನನಗಾದ ಸಂತೋಷ ಹೇಳತೀರದು.

"ಎಬ್ಬಸಲೇ ಇಲ್ಲಲ್ಲವಾ?" ಎಂದೆ.

"ಮಲಗ್ರಿ ಸರ," ಎಂದಳು ತಲೆ ಎತ್ತದೆ. "ಚಾ ಆದ ಮ್ಯಾಲ ಎಬ್ಬಸ್ತೇನಿ."

ನಾಟಕಕ್ಕೆಂದು ಮುಚ್ಚಿದ ಕಣ್ಣಿಗೆ ಖರೇ ನಿದ್ದೆ ಬಂತು.