ಸೂಜಿಗೆ ದಾರ ಪೋಣಿಸುವ ಪಾಠ

ಹೋದ ವಾರ ನಮ್ಮ ಸೊಸೈಟಿಯ ಮಕ್ಕಳು ದೀಪಾವಳಿಗೆ ಆಕಾಶಬುಟ್ಟಿ ಮಾಡಲು ಕೂತಿದ್ದರು. ಅಂಗಡಿಯಿಂದ ತಂದ ಗೋಂದು ಅರ್ಧ ಕೆಲಸಕ್ಕೇ ಮುಗಿದು ನನ್ನ ಬಾಗಿಲು ತಟ್ಟಿದರು. ಹಳೆಯ ಪಾತ್ರೆಯಲ್ಲಿ ಎರಡು ಹಿಡಿ ಮೈದಾ ಕಲಸಿ, ಗಂಟಾಗದ ಹಾಗೆ ಕೈಯಾಡಿಸುತ್ತ ಗ್ಯಾಸಿನ ಮೇಲಿಟ್ಟೆ. ಹಿಟ್ಟು ಬೆಂದು ಹೊಳಪು ಬರುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಗಂಜಿಯದ್ದೂ ಅಲ್ಲ, ಇಸ್ತ್ರಿ ಮಾಡಿದ ಹತ್ತಿ ಸೀರೆಯದ್ದೂ ಅಲ್ಲ, ಎರಡರ ನಡುವಿನದು. ಸೌಟು ಕೈಯಲ್ಲೇ ನಿಂತಿತು. ಇದಕ್ಕೊಂದು ಚಿಟಿಕೆ ಮೈಲುತುತ್ತ ಬಿದ್ದಿದ್ದರೆ... ಎಂದುಕೊಂಡೆ. ಮಕ್ಕಳ ಕೈಗೆ ಕೊಡುವ ಅಂಟಿಗೆ ಆ ವಿಷ ಹಾಕುವುದುಂಟೇ, ಹಾಕಲಿಲ್ಲ. ಆದರೆ ಕಾಕಾ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಕಾಕಾ ನನಗೆ ಸಂಬಂಧದಲ್ಲಿ ಏನೂ ಅಲ್ಲ. ಕಲ್ಯಾಣದಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ವಾಚನಾಲಯವಿತ್ತು. ಅಲ್ಲಿನ ಸಿಪಾಯಿ ಅವರು. ಬೆಳಿಗ್ಗೆ ಬೀಗ ತೆಗೆಯುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು, ಕುಡಿಯುವ ನೀರು ತುಂಬುವುದು, ಮಧ್ಯಾಹ್ನ ಹಿಂದಿನ ವರಾಂಡದಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವುದು. ವರಾಂಡಕ್ಕೆ ಅಂಟಿಕೊಂಡ ಒಂದೇ ಖೋಲಿಯಲ್ಲಿ ಹೆಂಡತಿ, ಮಗಳೊಂದಿಗೆ ಅವರ ಸಂಸಾರ. ಕೆಲಸವಿರುವಷ್ಟು ದಿನ ಆ ಖೋಲಿ. ಸೊಲ್ಲಾಪುರದ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೀಗಾಗಿ ಕನ್ನಡ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ.

ನಾನು ಮೈಸೂರಿನಿಂದ ಮದುವೆಯಾಗಿ ಬಂದು ಆಗ ಏಳೆಂಟು ವರ್ಷವಾಗಿತ್ತು. ನಮ್ಮವರು ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿಗೇ. ಮಗ ಶಾಲೆಗೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಮರಾಠಿಯಲ್ಲಿ ಉತ್ತರ ಕೊಡಲು ಶುರುಮಾಡಿದ್ದ ಕಾಲ. ವಾಚನಾಲಯದ ಮೂಲೆಯಲ್ಲಿ ಒಂದು ಕನ್ನಡದ ಕಪಾಟು ಇದೆಯೆಂದು ತಿಳಿದ ದಿನವೇ ಹೋಗಿ ಸದಸ್ಯಳಾದೆ. ಹಿಂದೆ ಯಾವಾಗಲೋ ಊರು ಬಿಟ್ಟುಹೋದ ಕನ್ನಡದ ಮನೆಗಳವರು ಕೊಟ್ಟ ಪುಸ್ತಕಗಳು. ಅರ್ಧಕ್ಕೆ ರಟ್ಟೇ ಇರಲಿಲ್ಲ.

ಅಲ್ಲಿ ಏನಾದರೊಂದು ಉಚಿತ ವರ್ಗ ನಡೆಯುತ್ತಲೇ ಇತ್ತು. ರಜೆಯಲ್ಲಿ ಮಕ್ಕಳಿಗೆ ಕಥೆ, ಹಿರಿಯರಿಗೆ ಮೊಬೈಲು ಕಲಿಸುವುದು, ಒಮ್ಮೆ ಹಳೆಯ ಮರಾಠಿಯ ಮೋಡಿ ಲಿಪಿ. ಒಂದು ದಿನ ಫಲಕದ ಮೇಲೆ ‘ಪುಸ್ತಕ ದುರಸ್ತಿ, ಮಹಿಳೆಯರಿಗೆ, ಶನಿವಾರ ಮಧ್ಯಾಹ್ನ’ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಈ ವರ್ಗ ಬೇಕೆಂದು ಕೇಳಿದ್ದು ಸ್ವತಃ ಕಾಕಾ ಎಂದು ಗ್ರಂಥಪಾಲ ಮ್ಯಾಡಮ್ ಹೇಳಿದರು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಒಂದು ಸ್ಟೂಲನ್ನೂ ಕೇಳದ ಮನುಷ್ಯ, ಎಂದು ಅವರಿಗೇ ಆಶ್ಚರ್ಯ.

ಸೇರಿದ್ದು ನಾಲ್ಕು ಜನ. ಅದರಲ್ಲಿ ಕನ್ನಡದವರು ನಾವಿಬ್ಬರೇ: ನಾನು, ಮತ್ತು ಸ್ಟೇಷನ್ ಹತ್ತಿರ ಗಂಡನ ಉಡುಪಿ ಹೋಟೆಲ್ ಇದ್ದ ಒಬ್ಬರು ಅಕ್ಕ. ಅವರಿಗೆ ಪುಸ್ತಕದ ಹುಚ್ಚೇನೂ ಇರಲಿಲ್ಲ. “ಮಧ್ಯಾಹ್ನ ಹೋಟೆಲಲ್ಲಿ ಕೂತ್ರೆ ಸಾಂಬಾರು ರುಚಿ ನೋಡಿ ನೋಡಿ ದಪ್ಪ ಆಗ್ತೇನೆ ಮಾರಾಯ್ತಿ, ಅದಕ್ಕೆ ಬಂದದ್ದು,” ಎನ್ನುತ್ತಿದ್ದರು.

ಪ್ರತಿ ಶನಿವಾರದ ಮೊದಲ ಪಾಠ ಒಂದೇ. ಕಾಕಾ ಒಂದು ತಗಡಿನ ಡಬ್ಬಿಯಿಂದ ಇಪ್ಪತ್ತು ಸೂಜಿ ಸುರಿಯುತ್ತಿದ್ದರು. ನಾವು ಎಲ್ಲದಕ್ಕೂ ಮೇಣ ಹಚ್ಚಿದ ದಾರ ಪೋಣಿಸಿ ಸಾಲಾಗಿ ಒಂದು ಹಲಗೆಗೆ ಚುಚ್ಚಬೇಕು. “ದಾರ ಹಾಕಲಿಕ್ಕೆ ಬರದ ಕೈಗೆ ಪುಸ್ತಕ ಒಲಿಯಂಗಿಲ್ಲ,” ಎನ್ನುತ್ತಿದ್ದರು. ಆಮೇಲೆ ಬಿಚ್ಚಿದ ಪುಸ್ತಕದ ಮಡಿಕೆಗಳನ್ನು ಪುಟದ ಕ್ರಮದಲ್ಲಿ ನಾವೇ ಜೋಡಿಸಿ ಅವರ ಮುಂದಿಡಬೇಕು. ಹೊಲಿಯುವುದು, ರಟ್ಟು ಅಂಟಿಸುವುದು ಅವರು. ಹೊಲಿಯುವಾಗ ಆ ಕೈಯನ್ನು ನೋಡಬೇಕಿತ್ತು. ಕಣ್ಣು ಎಲ್ಲೋ ಬೇವಿನ ಮರದ ಮೇಲೆ, ಬೆರಳು ಮಾತ್ರ ತೂತಿನಿಂದ ತೂತಿಗೆ. ಅಂಟಿಗೆ ಮೈಲುತುತ್ತ ಹಾಕುವ ಕೆಲಸ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. “ಇದು ಇಲ್ಲಂದ್ರ ಹುಳ ಬಂದು ನಮಗಿಂತ ಮೊದಲ ಓದಿ ಮುಗಸ್ತಾವ.”

ಓದಲು ಬಾರದ ಭಾಷೆಯ ಪುಸ್ತಕವನ್ನು ತಪ್ಪಿಲ್ಲದೆ ಹೇಗೆ ಕಟ್ಟುತ್ತೀರಿ ಎಂದು ಒಮ್ಮೆ ಕೇಳಿದ್ದೆ.

“ಅದರಾಗೇನೈತಿ ವೈನಿ? ನಿಮ್ಮ ಅಕ್ಷರಕ್ಕ ತಲಿ ಮ್ಯಾಲ ಒಂದು ರುಮಾಲ ಇರತೈತಿ ನೋಡ್ರಿ. ರುಮಾಲ ಮ್ಯಾಲ ಇತ್ತಂದ್ರ ಮನಶ್ಯಾ ನೆಟ್ಟಗ ನಿಂತಾನ ಅಂತ ಲೆಕ್ಕ.”

ಅಂದಿನಿಂದ ನನಗೂ ಕನ್ನಡದ ಸಾಲು ಕಂಡರೆ ರುಮಾಲು ಸುತ್ತಿ ನಿಂತ ಹಿರಿಯರ ಗುಂಪೇ ಕಾಣುತ್ತದೆ.

ಮಳೆ ಹಿಡಿಯುವ ಮುಂಚೆ ಇರಬೇಕು... ಒಂದು ಶನಿವಾರ ಮ್ಯಾಡಮ್ ಕೈಯಲ್ಲೊಂದು ಕನ್ನಡ ಪುಸ್ತಕ ಹಿಡಿದು ವರಾಂಡಕ್ಕೆ ಬಂದರು. ಹೊಸ ನೀಲಿ ಕ್ಯಾಲಿಕೋ ಬಟ್ಟೆಯ ರಟ್ಟು, ಬೆನ್ನಿಗೆ ಚೀಟಿ, ಎಲ್ಲ ಅಚ್ಚುಕಟ್ಟು. ರಟ್ಟು ತೆರೆದರೆ ಒಳಗಿನ ಪುಸ್ತಕವೆಲ್ಲ ತಲೆಕೆಳಗು. ಹಿರಿಯ ಸದಸ್ಯರೊಬ್ಬರು ಮನೆಗೆ ಒಯ್ದು, ತಿರುಗಿ ತಂದು, ಗ್ರಂಥಾಲಯದಲ್ಲಿ ಯಾರಿಗೂ ಕಣ್ಣಿಲ್ಲವೇ ಎಂದು ಕೇಳಿ ಹೋಗಿದ್ದರಂತೆ.

“ಕುಣಾಚಂ ಕಾಮ್ ಹೇ?” ಯಾರ ಕೆಲಸ ಇದು, ಎಂದರು ಮ್ಯಾಡಮ್.

ಕಾಕಾ ತಲೆ ಎತ್ತಲಿಲ್ಲ. ಅವರ ಬೆರಳು ದಾರದ ಮೇಲೆ ನಿಂತುಬಿಟ್ಟಿತ್ತು. ಆ ಒಂದು ಗಳಿಗೆಯಲ್ಲಿ ನನಗೆ ಎಲ್ಲ ಹೊಳೆಯಿತು. ಕನ್ನಡ ಬಾರದೆ ಆದ ತಪ್ಪಲ್ಲ ಇದು; ರುಮಾಲಿನ ಗುರುತು ಕಲಿಸಿದವರೇ ಅವರು. ಅವರಿಗೆ ರುಮಾಲು ಕಂಡಿರಲಿಲ್ಲ. ಇಪ್ಪತ್ತು ಸೂಜಿಯ ಪಾಠ, ಮಡಿಕೆ ಜೋಡಿಸುವ ಪಾಠ, ಈ ಶನಿವಾರದ ವರ್ಗವೇ ಏಕೆ ಹುಟ್ಟಿತು ಎಂಬುದು, ಎಲ್ಲವೂ. ವರಾಂಡದ ತುದಿಯ ಖೋಲಿಯ ಬಾಗಿಲಲ್ಲಿ ಅವರ ಮಗಳು ಹನ್ನೆರಡನೆಯ ತರಗತಿಯ ಪುಸ್ತಕ ಹಿಡಿದು ಕೂತಿದ್ದಳು. ಮುಂದೆ ನರ್ಸಿಂಗ್ ಸೇರಬೇಕೆಂದಿದ್ದಳು. ಕಾಕಾನ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಕಣ್ಣಿಲ್ಲದ ಸಿಪಾಯಿಗೆ ಖೋಲಿ ಯಾರು ಕೊಡುತ್ತಾರೆ?

“ನನ್ನದೇ ಮ್ಯಾಡಮ್,” ಎಂದೆ.

ಮ್ಯಾಡಮ್ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. “ತುಮ್ಹೀ? ನಿಮ್ಮದೇ ಭಾಷೆ, ನಿಮಗೇ ತಲೆ ಯಾವುದು ಕಾಲು ಯಾವುದು ತಿಳಿಯಲಿಲ್ಲವೇ?” ಮರಾಠಿಯ ಇಬ್ಬರು ಹೆಂಗಸರು ಜೋರಾಗಿ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ. ಮ್ಯಾಡಮ್ ಒಳಗೆ ಹೋದ ಮೇಲೆ ಹೋಟೆಲಿನ ಅಕ್ಕ ನನ್ನ ಕಿವಿಯ ಹತ್ತಿರ ಬಂದು, “ಸುಳ್ಳು ಹೇಳುದಾದ್ರೆ ಸ್ವಲ್ಪ ಚಂದದ್ದು ಹೇಳ್ಬಾರ್ದಾ ಮಾರಾಯ್ತಿ? ಮರ್ಯಾದೆಯಾದ್ರೂ ಉಳೀತಿತ್ತು,” ಎಂದರು. ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಎಲ್ಲರೂ ಹೊರಟ ಮೇಲೆ ಕಾಕಾ ಸಕ್ಕರೆಯಿಲ್ಲದ ತಮ್ಮ ಚಹಾದ ಜೊತೆ ನನಗೂ ಒಂದು ಲೋಟ ತರಿಸಿದರು. ಅವರಿಗೆ ಶುಗರ್ ಇತ್ತು, ಬಹಳ ವರ್ಷದಿಂದ.

“ಕಣ್ಣಿನ ನಡಕ ಮಂಜ ಕವಿದಂಗ ಆಗೇತಿ ವೈನಿ,” ಎಂದರು. “ಮಗಳದ್ದೊಂದು ದಡ ಮುಟ್ಟಲಿ. ಆಮ್ಯಾಲ ನಾ ತೋರಸ್ತೀನಿ. ನೀವು ಯಾರ ಮುಂದನೂ ಆಡಬ್ಯಾಡ್ರಿ.”

ಆಡುವುದಿಲ್ಲ ಎಂದೆ.

ಅದೇ ವರ್ಷ ಚಳಿಗಾಲದ ಒಂದು ಭಾನುವಾರ ವಾಚನಾಲಯದಲ್ಲಿ ಉಚಿತ ನೇತ್ರ ತಪಾಸಣೆ ಇಟ್ಟರು. ಟೋಕನ್ ಹಂಚಲು ನಾನು, ಅಕ್ಕ. ಕುರ್ಚಿ ಹಾಕಿದ್ದು, ಬ್ಯಾನರ್ ಕಟ್ಟಿದ್ದು, ಗೋಡೆಗೆ ಅಕ್ಷರದ ತಕ್ತೆ ತೂಗುಹಾಕಿದ್ದು ಕಾಕಾ. ಬೆಳಗಿನಿಂದ ಮಧ್ಯಾಹ್ನದವರೆಗೆ ಜನ ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂತು ಆ ತಕ್ತೆಯನ್ನು ದೊಡ್ಡದಾಗಿ ಓದಿದರು. ಕಾಕಾ ಬಾಗಿಲಲ್ಲಿ ನಿಂತು ಸಾಲು ಸರಿಮಾಡುತ್ತಿದ್ದರು. ಹಾಗೆಂದು ನಾವು ತಿಳಿದಿದ್ದೆವು.

ಎಲ್ಲ ಮುಗಿದು ತಪಾಸಣೆಯ ಹುಡುಗ ಡಬ್ಬಿ ತೆರೆದು ಊಟಕ್ಕೆ ಕೂರುವಾಗ ಮ್ಯಾಡಮ್, “ಕಾಕಾ, ನೀವೂ ಒಂದು ಸಲ ಕೂತುಬಿಡಿ,” ಎಂದರು. ಕಾಕಾ ಕೂತರು. ಒಂದು ಕಣ್ಣು ಮುಚ್ಚಿಕೊಂಡು ಮೇಲಿನ ದೊಡ್ಡ ಅಕ್ಷರದಿಂದ ಶುರುಮಾಡಿ, ಎರಡನೆಯ ಸಾಲು, ಮೂರನೆಯ ಸಾಲು, ಸೊಳ್ಳೆಯ ಕಾಲಿನಷ್ಟು ಸಣ್ಣದಾದ ಕೊನೆಯ ಸಾಲಿನವರೆಗೆ ಒಂದೂ ತಡವರಿಸದೆ ಹೇಳಿದರು. ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಅಷ್ಟೂ.

“ಬಾಪ್‌ರೇ, ಕಾಕಾನ ಕಣ್ಣು ಹದಿನಾರರದ್ದು,” ಎಂದ ಆ ಹುಡುಗ, ಚೀಟಿಯ ಮೇಲೆ ಗುರುತು ಹಾಕುತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ನಾನಿದ್ದೇನೆಂದುಕೊಂಡ ಕಡೆಗೆ ಮುಖ ಮಾಡಿ ನಕ್ಕರು. ಗೆದ್ದವರ ನಗೆ. ನಾನು ಇದ್ದದ್ದು ಅದಕ್ಕೆ ಸ್ವಲ್ಪ ಬಲಕ್ಕೆ.

ಆಗ ಒಂದು ಮಾತು ಸಾಕಿತ್ತು. ಆ ಹುಡುಗನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದರೂ ಆಗುತ್ತಿತ್ತು. ಅಕ್ಕ ನನ್ನ ಮೊಣಕೈ ಹಿಡಿದು, “ನಾವೇ ಹೇಳುವನಾ?” ಎಂದರು. ಮಾತು ಕೊಟ್ಟಿದ್ದೇನೆ ಎಂದೆ. ಉಳಿದ ಟೋಕನ್‌ಗಳನ್ನು ಕವರಿಗೆ ಹಾಕಿ ಮನೆಗೆ ಬಂದೆ. ಒಬ್ಬರ ಮರ್ಯಾದೆ ಕಾಪಾಡಿದೆನೆಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಸುಳ್ಳೇಕೆ ಬರೆಯಲಿ.

ಕಾಕಾ ಪೂರ್ತಿ ನೌಕರಿ ಮಾಡಿಯೇ ನಿವೃತ್ತರಾದರು. ಶಾಲು, ತೆಂಗಿನಕಾಯಿ, ಮ್ಯಾಡಮ್ ಭಾಷಣ ಎಲ್ಲ ಆಯಿತು. ಅಷ್ಟರಲ್ಲಿ ಹೊಲಿಗೆಯೂ ನಮ್ಮ ಕೈಗೇ ಬಂದಿತ್ತು; ಅವರು ಅಂಟು ಕುದಿಸುವುದು ಮಾತ್ರ, ಅದೂ ವಾಸನೆಯ ಮೇಲೆ. ಮಗಳು ನರ್ಸಿಂಗ್ ಸೇರಿ, ಮುಗಿಸಿ, ಕೆಲಸ ಹಿಡಿದು ಪಕ್ಕದ ಸ್ಟೇಷನ್ ಶಹಾಡ್‌ನಲ್ಲಿ ಮನೆ ಮಾಡಿದಳು. ಅಲ್ಲಿಗೆ ನಾನೂ ಅಕ್ಕನೂ ಒಮ್ಮೆ ಹೋಗಿದ್ದೆವು. ಕಾಕಾ ಕಿಟಕಿಯ ಪಕ್ಕ ಕೂತಿದ್ದರು. ನನ್ನ ದನಿ ಕೇಳಿ, “ಮೈಸೂರು ವೈನಿ ಬಂದ್ರು. ಅಂಟಿಗೆ ಮೈಲುತುತ್ತ ಹಾಕ್ತೀರೋ ಮರತೀರೋ?” ಎಂದರು. ಹಾಕುತ್ತೇನೆ ಎಂದೆ. ಆಗ ಅವರಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ನಿವೃತ್ತಿಯಾದ ಕೂಡಲೇ ತೋರಿಸಿದಾಗ, ಶುಗರ್‌ನಿಂದ ಕಣ್ಣಿನ ಹಿಂದಿನ ಪರದೆ ಹೋಗಿದೆ, ಒಂದೂವರೆ ವರ್ಷ ಮೊದಲು ಬಂದಿದ್ದರೆ ಇಷ್ಟಾಗಲು ಬಿಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಮಗಳು ಚಹಾ ಕೊಟ್ಟಳು. ಮಾತಿನ ನಡುವೆ ಅಕ್ಕ ಕಾಕಾನನ್ನು ನಗಿಸಲೆಂದು ಆ ತಕ್ತೆಯ ಕಥೆ ತೆಗೆದರು. ಕಾಕಾ ಬಾಯಿತುಂಬ ನಕ್ಕರು. ಅಷ್ಟೂ ಸಾಲು ಮತ್ತೊಮ್ಮೆ ಹೇಳಿ ತೋರಿಸಿದರು, ಇನ್ನೂ ನೆನಪಿತ್ತು. ಮಗಳು ನಗಲಿಲ್ಲ. ತಟ್ಟೆ ಹಿಡಿದು ನಿಂತಲ್ಲೇ ನನ್ನ ಕಡೆ ತಿರುಗಿ, “ತುಮ್ಹಾಲಾ ಮಾಹೀತ್ ಹೋತಂ?” ಎಂದಳು.

ನಿಮಗೆ ಗೊತ್ತಿತ್ತಾ... ಅಷ್ಟೇ. ಹೂಂ ಎಂದೆ. ಅವಳು ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ನಾವು ಹೊರಡುವಾಗ ಬಾಗಿಲವರೆಗೆ ಬಂದಳು, ಮತ್ತೆ ಬನ್ನಿ ಎನ್ನಲಿಲ್ಲ. ನಾನೂ ಮತ್ತೆ ಹೋಗಲಿಲ್ಲ. ಕಾಕಾ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಹದಿಮೂರನೆಯ ದಿನವೂ ಕಳೆದಿತ್ತು.

ಆ ತಲೆಕೆಳಗಾದ ಪುಸ್ತಕ ಈಗ ನನ್ನ ಮನೆಯಲ್ಲಿದೆ. ಕನ್ನಡದ ಕಪಾಟು ತೆರವು ಮಾಡುವಾಗ ಮ್ಯಾಡಮ್, “ಇದು ನಿಮ್ಮ ಕೈಕೆಲಸ, ನೀವೇ ಇಟ್ಟುಕೊಳ್ಳಿ,” ಎಂದು ಕೊಟ್ಟರು. ಬಿಚ್ಚಿ ಸರಿಯಾಗಿ ಕಟ್ಟಲು ನನಗೆ ಒಂದು ಮಧ್ಯಾಹ್ನ ಸಾಕು. ಕಟ್ಟಿಲ್ಲ. ರಟ್ಟಿಗಾಗಲಿ ಒಳಗಿನ ಪುಟಕ್ಕಾಗಲಿ ಹುಳ ಬಿದ್ದಿಲ್ಲ.

ವಾಚನಾಲಯದಲ್ಲಿ ನೇತ್ರ ತಪಾಸಣೆ ಈಗಲೂ ವರ್ಷಕ್ಕೊಮ್ಮೆ ನಡೆಯುತ್ತದೆ. ಈ ವರ್ಷದ್ದು ಮೊನ್ನೆ ಭಾನುವಾರ ಆಯಿತು. ನನಗೂ ಈಗ ಸೂಜಿ ಪೋಣಿಸಲು ಕನ್ನಡಕ ಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಹೊಸ ಸಿಪಾಯಿಯನ್ನೂ ಝಾಡೂ ಹೊಡೆಯುವ ಮಾವಶಿಯನ್ನೂ ಮೊದಲ ಎರಡು ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ತಕ್ತೆಯ ಪಕ್ಕ ನಿಂತೆ. ನನ್ನ ಬಳಿ ಬೇರೆ ಬೇರೆ ಅಕ್ಷರಗಳ ಮೂರು ತಕ್ತೆಗಳಿವೆ, ನಾನೇ ಕೇಳಿ ತರಿಸಿಕೊಂಡದ್ದು. ಹತ್ತು ಜನ ಓದಿದ ಮೇಲೆ ಒಂದನ್ನು ಇಳಿಸಿ ಇನ್ನೊಂದನ್ನು ತೂಗುಹಾಕುತ್ತೇನೆ.

ತಪಾಸಣೆಗೆ ಬಂದಿದ್ದ ಹುಡುಗಿ ಹೊಸಬಳು. “ಆಂಟಿ, ಒಂದೇ ಸಾಕಲ್ಲ, ಯಾಕೆ ಪದೇ ಪದೇ ಬದಲಾಯಿಸ್ತೀರಿ?” ಎಂದು ಹಿಂದಿಯಲ್ಲಿ ಕೇಳಿದಳು.

“ಬಾಗಿಲಲ್ಲಿ ನಿಂತವರಿಗೆ ಕೇಳಿಸುತ್ತದಮ್ಮ,” ಎಂದೆ.